ಬೋರ್ ನೀರಿನ ಮನೆಗೆ ಮಾರ್ಗದರ್ಶಿ: ಯಾವ ನೀರು ಯಾವ ಕೆಲಸಕ್ಕೆ

ಹೋದ ವರ್ಷದ ಮಾಗಿ ಚಳಿಯಲ್ಲಿ ನಮ್ಮ ಮನೆಯ ಗೀಸರ್ ಕೈಕೊಟ್ಟಿತು. ರಿಪೇರಿಗೆ ಬಂದ ಹುಡುಗ ಅಡಿಯ ತಟ್ಟೆ ಬಿಚ್ಚಿ ಕಾಯಿಲನ್ನು ಹೊರಗೆಳೆದಾಗ, ಅದರ ಹಿಂದೆಯೇ ಒಂದು ಸೇರಿನಷ್ಟು ಬಿಳಿ ಚಕ್ಕೆ ಬಚ್ಚಲಿನ ನೆಲಕ್ಕೆ ಉದುರಿತು. ಪೆನ್ಸಿಲಿನಷ್ಟು ತೆಳ್ಳಗಿರಬೇಕಾದ ಕಾಯಿಲ್ ಹೆಬ್ಬೆರಳಿಗಿಂತ ದಪ್ಪವಾಗಿತ್ತು; ಒಂದು ಕಡೆ ಆ ಹೊದಿಕೆಯೊಳಗೇ ಬಿಸಿ ತಾಳಲಾರದೆ ಸೀಳಿತ್ತು. ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ತಂದು ಒಂದು ಚಕ್ಕೆಯ ಮೇಲೆ ಹಿಂಡಿದೆ. ಸೋಡಾ ಬಾಟಲಿ ತೆರೆದಾಗಿನಂತೆ ಸಣ್ಣ ಗುಳ್ಳೆಗಳೆದ್ದವು. “ಗೀಸರ್ ತಪ್ಪಲ್ಲ ಸಾರ್, ನೀವು ಸುಣ್ಣ ಕಾಯಿಸ್ತಾ ಇದ್ದೀರಿ” ಎಂದ ಹುಡುಗ. ಗೀಸರ್ ಕೊಂಡು ಹದಿನಾಲ್ಕು ತಿಂಗಳಷ್ಟೇ ಆಗಿತ್ತು.

ಹಾಸನದ ಹೊರಬದಿಯ ಬಡಾವಣೆಗಳಲ್ಲಿ ಕೊಳವೆಬಾವಿಯನ್ನು ನೆಚ್ಚಿಕೊಂಡ ಯಾರ ಮನೆಗೆ ಹೋದರೂ ಇಂಥ ಒಂದು ಕಥೆ ಸಿಗುತ್ತದೆ. ನಲ್ಲಿಯ ಮೂತಿಯಲ್ಲಿ ಬಿಳಿ ಹಕ್ಕಳೆ, ಬಕೀಟಿನ ಒಳಗೆ ಉಜ್ಜಿದರೂ ಹೋಗದ ಗೆರೆ, ನೊರೆಯೇ ಬಾರದ ಸೋಪು, ಎಷ್ಟು ವಿಷಲ್ ಕೂಗಿಸಿದರೂ ಕರಗದ ತೊಗರಿಬೇಳೆ. ಇವುಗಳಿಂದ ಬೇಸತ್ತವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಯಂತ್ರ ಮಾರುವವರಿಗೆ ಫೋನ್ ಮಾಡುವುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಕೆಲಸವಾಗಬೇಕು. ಮನೆಗೆ ಬರುವ ಅಷ್ಟೂ ನೀರನ್ನು ಮೆದುಗೊಳಿಸುವ ಅಗತ್ಯ ಬಹಳ ಮನೆಗಳಿಗೆ ಇಲ್ಲ; ಗಡಸುತನ ಎಷ್ಟಿದೆ, ಯಾವ ಬಗೆಯದು ಎಂದು ತಿಳಿದುಕೊಂಡು, ಯಾವ ನೀರು ಯಾವ ಕೆಲಸಕ್ಕೆ ಎಂದು ಪಾಲು ಮಾಡಿದರೆ ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ತೀರುತ್ತದೆ. ಹಳ್ಳಿಗಳಲ್ಲಿ ಕುಡಿಯುವುದಕ್ಕೆ ಸಿಹಿನೀರಿನ ಬಾವಿ, ಬಳಕೆಗೆ ಸವಳು ನೀರಿನ ಬಾವಿ ಎಂದು ಎರಡನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಓವರ್‌ಹೆಡ್ ಟ್ಯಾಂಕು ಬಂದ ಮೇಲೆ ನಾವು ಎಲ್ಲವನ್ನೂ ಒಂದೇ ಪೈಪಿಗೆ ಸೇರಿಸಿದೆವು.

ಮೊದಲು: ನಿಮ್ಮ ನಲ್ಲಿಯಲ್ಲಿ ಬರುವುದು ಯಾವ ನೀರು

ಹಾಸನ ನಗರಕ್ಕೆ ಬರುವ ಹೊಳೆ ನೀರು ಹೇಮಾವತಿಯದು. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಆಸುಪಾಸಿನಲ್ಲಿ ಹುಟ್ಟುವ ಈ ಹೊಳೆ ಸಕಲೇಶಪುರವನ್ನು ಹಾದು ಗೊರೂರಿನ ಜಲಾಶಯಕ್ಕೆ ಬರುತ್ತದೆ. ಬಾಬಾಬುಡನ್ ಬೆಟ್ಟಗಳಿಂದ ಇಳಿದು ಬೇಲೂರಿನ ಮೇಲೆ ಹರಿಯುವ ಯಗಚಿಯೂ ಇದಕ್ಕೇ ಸೇರುತ್ತದೆ. ಘಟ್ಟದ ಮಳೆ ಬಂಡೆಯ ಮೇಲೆ, ಕಾಡಿನ ಮಣ್ಣಿನ ಮೇಲೆ ವೇಗವಾಗಿ ಹರಿದು ಹೊಳೆ ಸೇರುವುದರಿಂದ ಅದಕ್ಕೆ ಖನಿಜಗಳನ್ನು ಕರಗಿಸಿಕೊಳ್ಳುವಷ್ಟು ಪುರಸತ್ತು ಸಿಗುವುದಿಲ್ಲ. ಆದ್ದರಿಂದ ಹೊಳೆ ನೀರು ಮೆದು.

ಕೊಳವೆಬಾವಿಯ ನೀರಿನ ಬದುಕು ಬೇರೆ. ಮಣ್ಣಿನಲ್ಲಿ ಇಂಗುವಾಗ ಅದು ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆಮೇಲೆ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ನೀರಿನ ಗಡಸುತನವೆಂದರೆ ಮುಖ್ಯವಾಗಿ ಈ ಎರಡು ಖನಿಜಗಳ ಲೆಕ್ಕ. ನಮ್ಮ ಜಿಲ್ಲೆಯ ಕಲ್ಲಿನಲ್ಲಿ ಮೆಗ್ನೀಸಿಯಂಗೇನೂ ಬರವಿಲ್ಲ. ಬೇಲೂರು ಹಳೇಬೀಡುಗಳಲ್ಲಿ ಶಿಲ್ಪಿಗಳ ಉಳಿಗೆ ಬೆಣ್ಣೆಯಂತೆ ಒದಗಿದ ಬಳಪದ ಕಲ್ಲು ಮೆಗ್ನೀಸಿಯಂನ ಸಿಲಿಕೇಟೇ ಆಗಿದೆ. ಇನ್ನು ಅರಸೀಕೆರೆ, ಕಡೂರು, ಬೀರೂರು ಕಡೆಯ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು, ಕೊಳವೆಬಾವಿಯ ಆಳವೂ ಹೆಚ್ಚು. ಹೀಗಾಗಿ ಸಕಲೇಶಪುರದ ಮನೆಯವರಿಗೆ ಈ ಲೇಖನದಿಂದ ಅಷ್ಟೇನೂ ಪ್ರಯೋಜನವಾಗದೆ ಇರಬಹುದು. ಅರಸೀಕೆರೆಯ ಮನೆಯವರು ಪ್ರತಿ ಸಾಲನ್ನೂ ಓದುವುದು ಒಳ್ಳೆಯದು.

ನಿಮ್ಮ ಬಡಾವಣೆಗೆ ಹೊಳೆ ನೀರು ಯಾವ ದಿನ, ಬೋರ್ ನೀರು ಯಾವ ದಿನ ಎಂಬುದನ್ನು ನೀರು ಬಿಡುವವರನ್ನೇ ಕೇಳಿ ತಿಳಿದುಕೊಳ್ಳಿ. ಎರಡೂ ಒಂದೇ ಪೈಪಿನಲ್ಲಿ ಸರದಿಯ ಮೇಲೆ ಬರುವ ಕಡೆಗಳಲ್ಲಿ ಈ ಒಂದು ಮಾಹಿತಿಯೇ ಮುಂದಿನ ಎಲ್ಲ ಕ್ರಮಗಳಿಗೂ ತಳಹದಿ.

ಎರಡನೆಯದು: ಔಷಧದ ಬಾಟಲಿಯಲ್ಲಿ ಪರೀಕ್ಷೆ

ಇದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇರುತ್ತದೆ: ಕೆಮ್ಮಿನ ಔಷಧದ ಖಾಲಿ ಬಾಟಲಿ, ಅದರ ಜೊತೆ ಬರುವ ಗೆರೆ ಹಾಕಿದ ಅಳತೆ ಮುಚ್ಚಳ, ಕಣ್ಣಿಗೆ ಹನಿ ಬಿಡುವಂಥ ಒಂದು ಡ್ರಾಪರ್, ಮತ್ತು ನಿಜವಾದ ಸೋಪು. ನಿಜವಾದ ಸೋಪು ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಬಟ್ಟೆಯ ಡಿಟರ್ಜೆಂಟ್, ಶಾಂಪೂ, ಪಾತ್ರೆ ತೊಳೆಯುವ ದ್ರವ ಇವೆಲ್ಲ ಗಡಸು ನೀರಿನಲ್ಲೂ ನೊರೆ ಕೊಡುವಂತೆ ತಯಾರಾದವು. ಅವುಗಳಿಂದ ಈ ಪರೀಕ್ಷೆ ನಡೆಯದು. ಮೈಸೂರ್ ಸ್ಯಾಂಡಲ್‌ನಂಥ ಸ್ನಾನದ ಸೋಪು ಸರಿಹೋಗುತ್ತದೆ.

ಸೋಪನ್ನು ತುರಿದು ಒಂದು ಚಿಕ್ಕ ಚಮಚದಷ್ಟನ್ನು, ಅಂದರೆ ಸುಮಾರು 2 ಗ್ರಾಂ ಅನ್ನು, 100 ಮಿಲಿಲೀಟರ್ ಬ್ಯಾಟರಿ ನೀರಿನಲ್ಲಿ ಹಾಕಿ ಬೆಚ್ಚಗೆ ಮಾಡಿ ಕರಗಿಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಈ ನೀರಿನಲ್ಲಿ ಖನಿಜವೇ ಇರುವುದಿಲ್ಲವಾದ್ದರಿಂದ ಸೋಪು ಒಡೆಯದೆ ಕರಗುತ್ತದೆ. ಈಗ ಬಾಟಲಿಗೆ 20 ಮಿಲಿಲೀಟರ್ ಬ್ಯಾಟರಿ ನೀರು ಹಾಕಿ, ಸೋಪಿನ ದ್ರಾವಣವನ್ನು ಒಂದೊಂದೇ ಹನಿ ಬಿಡುತ್ತಾ, ಪ್ರತಿ ಬಾರಿಯೂ ಮುಚ್ಚಳ ಹಾಕಿ ಕುಲುಕಿ. ನೊರೆ ಒಂದು ನಿಮಿಷ ಒಡೆಯದೆ ನಿಂತಾಗ ಎಷ್ಟು ಹನಿ ಆಯಿತೆಂದು ಬರೆದುಕೊಳ್ಳಿ. ಬಾಟಲಿಯನ್ನು ಚೆನ್ನಾಗಿ ತೊಳೆದು ಹೊಳೆ ನೀರಿಗೂ, ಬೋರ್ ನೀರಿಗೂ ಹೀಗೆಯೇ ಮಾಡಿ. ನಮ್ಮ ಮನೆಯಲ್ಲಿ ಬ್ಯಾಟರಿ ನೀರಿಗೆ 2 ಹನಿ, ಹೊಳೆ ನೀರಿಗೆ 8 ಹನಿ ಸಾಕಾಯಿತು. ಬೋರ್ ನೀರು 52 ಹನಿ ಕುಡಿಯಿತು. ಮೊದಲ 40 ಹನಿಯವರೆಗೂ ನೊರೆಯೇ ಇಲ್ಲ, ಒಡೆದ ಹಾಲಿನಂಥ ಬಿಳಿ ಚೂರುಗಳು ತೇಲುತ್ತಿದ್ದವು ಅಷ್ಟೇ. ಬಚ್ಚಲ ಗೋಡೆಗೆ, ಕಾಲರ್ ಪಟ್ಟಿಗೆ, ತಲೆಗೂದಲಿಗೆ ಅಂಟುವ ಜಿಡ್ಡು ಇದೇ ವಸ್ತು: ಸೋಪು ಮತ್ತು ಸುಣ್ಣ ಸೇರಿ ಆದ ಗಸಿ.

ಇದರ ಬೆನ್ನಿಗೇ ಇನ್ನೊಂದು ಪರೀಕ್ಷೆ ಮಾಡಬೇಕು. ಒಂದು ಲೀಟರ್ ಬೋರ್ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ತಣ್ಣಗಾಗಲು ಬಿಟ್ಟು, ತಳದ ಬಿಳಿ ಪುಡಿ ಕದಡದಂತೆ ತೆಳುಬಟ್ಟೆಯಲ್ಲಿ ಸೋಸಿ, ಮತ್ತೆ ಹನಿ ಎಣಿಸಿ. ನಮ್ಮಲ್ಲಿ 52 ಇದ್ದದ್ದು 21ಕ್ಕೆ ಇಳಿಯಿತು. ಕುದಿಸಿದಾಗ ಹೋದದ್ದು ತಾತ್ಕಾಲಿಕ ಗಡಸುತನ. ಅದು ಬೈಕಾರ್ಬೊನೇಟ್ ರೂಪದ ಸುಣ್ಣವಾದ್ದರಿಂದ ಕಾಯಿಸಿದೊಡನೆ ತಳಕ್ಕೆ ಇಳಿಯುತ್ತದೆ. ಕುದಿಸಿದರೂ ಉಳಿದದ್ದು ಶಾಶ್ವತ ಗಡಸುತನ, ಅಂದರೆ ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರುವುದು. ಗೀಸರಿಗೆ ವೈರಿ ಮೊದಲನೆಯದು. ಒಗೆಯುವ ಬಟ್ಟೆಗೆ ಎರಡೂ.

ಮೂರನೆಯದು: ಪ್ರಯೋಗಾಲಯಕ್ಕೆ ಒಂದು ಬಾಟಲಿ

ಹನಿ ಎಣಿಕೆ ಹೋಲಿಕೆಗೆ ಸಾಕು, ನಿರ್ಧಾರಕ್ಕೆ ಸಾಲದು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಜಿಲ್ಲಾ ಮಟ್ಟದಲ್ಲಿ ನೀರು ಪರೀಕ್ಷಾ ಪ್ರಯೋಗಾಲಯವಿರುತ್ತದೆ. ಖಾಸಗಿ ಪ್ರಯೋಗಾಲಯಗಳೂ ಈ ಕೆಲಸ ಮಾಡುತ್ತವೆ. ಪಂಪ್ ಹಾಕಿ ಐದು ನಿಮಿಷ ನೀರು ಹರಿಯಲು ಬಿಟ್ಟು, ಒಂದು ಲೀಟರಿನ ಶುಚಿಯಾದ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಕಂಠಮಟ್ಟ ತುಂಬಿಸಿ ಅದೇ ದಿನ ಒಪ್ಪಿಸಿ. ಟ್ಯಾಂಕಿನಿಂದ ಹಿಡಿಯಬೇಡಿ.

ವರದಿಯಲ್ಲಿ ಒಟ್ಟು ಗಡಸುತನ, ಕ್ಷಾರೀಯತೆ (ಮುಖ್ಯವಾಗಿ ಬೈಕಾರ್ಬೊನೇಟಿನ ಅಳತೆ), ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಗಳು), ಫ್ಲೋರೈಡ್, ನೈಟ್ರೇಟ್ ಇಷ್ಟಾದರೂ ಇರಬೇಕು ಎಂದು ಮೊದಲೇ ಹೇಳಿ. ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಟಿಡಿಎಸ್‌ಗೆ ಈ ಎರಡು ಮಿತಿಗಳು 500 ಮತ್ತು 2000. ಫ್ಲೋರೈಡಿಗೆ 1 ಮತ್ತು 1.5. ಮನೆಗೆಲಸದ ದೃಷ್ಟಿಯಿಂದ ನೋಡಿದರೆ 75ರ ಒಳಗಿನದು ಮೆದು ನೀರು, 150 ದಾಟಿದರೆ ಗಡಸು, 300 ದಾಟಿದರೆ ತೀರಾ ಗಡಸು.

ಹೆಚ್ಚಿನವರು ವರದಿಯಲ್ಲಿ ಗಡಸುತನದ ಒಂದು ಸಾಲನ್ನಷ್ಟೇ ನೋಡಿ ಮಡಿಸಿಡುತ್ತಾರೆ. ಅದರ ಪಕ್ಕದಲ್ಲೇ ಕ್ಷಾರೀಯತೆಯ ಸಾಲನ್ನೂ ಇಟ್ಟು ನೋಡಬೇಕು. ಕ್ಷಾರೀಯತೆ ಗಡಸುತನದಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಗಡಸುತನವೆಲ್ಲ ತಾತ್ಕಾಲಿಕದ್ದು. ಕಡಿಮೆಯಿದ್ದರೆ, ಎಷ್ಟು ಕಡಿಮೆಯೋ ಅಷ್ಟು ಶಾಶ್ವತದ್ದು. ನಮ್ಮ ವರದಿಯಲ್ಲಿ ಗಡಸುತನ 430, ಕ್ಷಾರೀಯತೆ 290 ಇತ್ತು. ಅಲ್ಲಿಗೆ ಶಾಶ್ವತ ಗಡಸುತನ 140. ಔಷಧದ ಬಾಟಲಿ ಹೇಳಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ ಎಂಬುದು ನನಗೆ ಇಂದಿಗೂ ಒಂದು ಸಣ್ಣ ಹೆಮ್ಮೆ.

ಫ್ಲೋರೈಡ್ ಬೇರೆಯೇ ವಿಷಯ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅರಸೀಕೆರೆ, ಕಡೂರು ತಾಲ್ಲೂಕುಗಳ ಹಲವು ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿದೆ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ನಲ್ಲಿಯ ಮೇಲೆ ಗುರುತಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ, ಮೆದುಗೊಳಿಸುವ ಯಂತ್ರವೂ ಅದನ್ನು ತೆಗೆಯದು. ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಕಾಣುವ ಊರಿನಲ್ಲಿ ಗಡಸುತನಕ್ಕಿಂತ ಮೊದಲು ಈ ಸಾಲನ್ನು ಓದಿ.

ಕಿಡ್ನಿಯಲ್ಲಿ ಕಲ್ಲಾಗುವುದು ಗಡಸು ನೀರಿನಿಂದಲೇ ಎಂದು ಊರಿನ ಅರ್ಧ ಜನ ನಂಬಿದ್ದಾರೆ. ಅದು ಸಾಬೀತಾಗಿಲ್ಲ, ನೀರನ್ನೇ ಕಡಿಮೆ ಕುಡಿಯುವುದು ಕಲ್ಲಾಗಲು ಅದಕ್ಕಿಂತ ದೊಡ್ಡ ಕಾರಣ. ಗಡಸು ನೀರು ಬಾಯಿಗೆ ಹಿತವಿಲ್ಲವೆಂದು ಕುಡಿಯುವುದನ್ನೇ ಕಡಿಮೆ ಮಾಡಿದವರು ಈ ಮಾತನ್ನು ಗಮನಿಸಬೇಕು.

ನಾಲ್ಕನೆಯದು: ನೀರನ್ನು ಪಾಲು ಮಾಡುವುದು

ನಗರದ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಲೆಕ್ಕ. ಆ ಲೆಕ್ಕದ ಒಳಗೆ ಸ್ನಾನಕ್ಕೆ 55, ಶೌಚಾಲಯಕ್ಕೆ 30, ಬಟ್ಟೆಗೆ 20, ಪಾತ್ರೆಗೆ 10, ನೆಲ ತೊಳೆಯಲು 10, ಅಡುಗೆಗೆ 5, ಕುಡಿಯಲು 5 ಲೀಟರ್. ನಾಲ್ಕು ಜನರ ಮನೆಗೆ ಒಟ್ಟು 540 ಲೀಟರ್. ನಮ್ಮ ಬೋರಿನ 430ರ ಗಡಸುತನದಲ್ಲಿ ಅಷ್ಟು ನೀರಿನ ಜೊತೆ ದಿನವೂ 230 ಗ್ರಾಂ ಸುಣ್ಣದಷ್ಟು ಖನಿಜ ಮನೆಯೊಳಗೆ ಬಂದು, ಬಹುಪಾಲು ಹಾಗೆಯೇ ಮೋರಿಗೆ ಹೋಗುತ್ತದೆ. ಶೌಚಾಲಯಕ್ಕೂ ನೆಲಕ್ಕೂ ಹೋಗುವ 160 ಲೀಟರ್ ಎಷ್ಟು ಗಡಸಾಗಿದ್ದರೂ ಚಿಂತೆಯಿಲ್ಲ. ಅಡುಗೆಗೂ ಕುಡಿಯಲಿಕ್ಕೂ ಬೇಕಾದ 40 ಲೀಟರ್ ಮೆದುವಾಗಿರಬೇಕು. ಕಾಯಿಸುವ ನೀರೂ ಮೆದುವಾಗಿದ್ದರೆ ಗೀಸರ್ ಉಳಿಯುತ್ತದೆ. ಉಳಿದದ್ದರಲ್ಲಿ ಹೊಂದಿಸಿಕೊಳ್ಳಬಹುದು.

ನಾವು ಮಾಡುತ್ತಿದ್ದ ದೊಡ್ಡ ತಪ್ಪೆಂದರೆ ಹೊಳೆ ನೀರನ್ನೂ ಬೋರ್ ನೀರನ್ನೂ ಒಂದೇ ಸಂಪಿಗೆ ಬಿಡುತ್ತಿದ್ದುದು. 50ರ ನೀರು ಅರ್ಧ, 430ರ ನೀರು ಅರ್ಧ ಬೆರೆತರೆ ಸಿಗುವುದು 240ರ ನೀರು: ಶೌಚಾಲಯಕ್ಕೆ ಅನಗತ್ಯವಾಗಿ ಒಳ್ಳೆಯದು, ಬೇಳೆ ಬೇಯಿಸಲು ಸಾಲದು. ಈಗ ಚಾವಣಿಯ ಮೇಲೆ 300 ಲೀಟರಿನ ಒಂದು ಚಿಕ್ಕ ಟ್ಯಾಂಕು ಬೇರೆ ಇದೆ. ಹೊಳೆ ನೀರು ಬಂದ ದಿನ ಅದು ತುಂಬುತ್ತದೆ, ಅಲ್ಲಿಂದ ಅಡುಗೆಮನೆಯ ಒಂದು ನಲ್ಲಿಗೂ ಗೀಸರಿಗೂ ಮಾತ್ರ ಪೈಪು ಇಳಿದಿದೆ. ದೊಡ್ಡ ಟ್ಯಾಂಕಿನ ಬೋರ್ ನೀರು ಉಳಿದೆಲ್ಲ ನಲ್ಲಿಗಳಿಗೆ. ಪ್ಲಂಬರ್‌ಗೆ ಇದು ಒಂದು ದಿನದ ಕೆಲಸ. ಯಾವ ಕಾರಣಕ್ಕೂ ಬೋರಿನ ಪೈಪನ್ನು ನಗರಸಭೆಯ ಪೈಪಿಗೆ ನೇರವಾಗಿ ಜೋಡಿಸಲು ಬಿಡಬೇಡಿ; ಒತ್ತಡ ಇಳಿದಾಗ ನಿಮ್ಮ ನೀರು ಬೀದಿಯ ಕೊಳವೆಗೆ ಹಿಂದಕ್ಕೆ ಹರಿದೀತು.

ಬಾಡಿಗೆ ಮನೆಯಲ್ಲಿ ಗೋಡೆ ಒಡೆಯುವಂತಿಲ್ಲ. ಅಲ್ಲಿ ನಲ್ಲಿ ಕೂರಿಸಿದ, ಮುಚ್ಚಳವಿರುವ 50 ಲೀಟರಿನ ಡ್ರಮ್ಮು ಅಡುಗೆಮನೆಯ ಕಟ್ಟೆಯ ಮೇಲೆ ಇದ್ದರೆ ಸಾಕು. ಕೊಡದಲ್ಲಿ ತಂದು ತುಂಬಿಸಿಕೊಳ್ಳುವ ಕಷ್ಟ ಇದ್ದದ್ದೇ.

ಅಡುಗೆಮನೆಯಲ್ಲಿ

ತೊಗರಿಬೇಳೆಯ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಅಂಟಿಕೊಂಡರೆ ಅದು ಕರಗಲು ಒಪ್ಪುವುದಿಲ್ಲ. ಆದ್ದರಿಂದ ಬೇಳೆಯನ್ನು ನೆನೆಹಾಕುವ ನೀರೂ ಬೇಯಿಸುವ ನೀರೂ ಮೆದುವಾಗಿರಬೇಕು. ಬೋರ್ ನೀರೊಂದೇ ಇದ್ದಾಗ, ಅದನ್ನು ಹಿಂದಿನ ರಾತ್ರಿ ಕುದಿಸಿ ಆರಿಸಿ, ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಬಳಸಿ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವ ಅದರಿಂದ ನಷ್ಟವಾಗುತ್ತದೆ; ದಿನನಿತ್ಯದ ಅಭ್ಯಾಸ ಮಾಡಿಕೊಳ್ಳಬೇಡಿ. ಹುಣಸೆಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕೆಂಬುದು ಗೊತ್ತಿರುವ ವಿಷಯ. ಗಡಸು ನೀರಿನಲ್ಲಿ ಅದನ್ನು ಮರೆತರೆ ಆ ದಿನದ ಸಾರು ಕೆಟ್ಟಿತೆಂದೇ ಲೆಕ್ಕ.

ಕಾಫಿಯ ವಿಷಯಕ್ಕೆ ಬಂದರೆ, ಮೂಡಿಗೆರೆ ಕಡೆಯ ನಮ್ಮ ದೊಡ್ಡಮ್ಮ ಮನೆಗೆ ಬಂದಾಗಲೆಲ್ಲ ಮೊದಲ ಗುಟುಕಿಗೇ ಲೋಟ ಕೆಳಗಿಡುತ್ತಿದ್ದರು. “ನಾನು ಕೊಟ್ಟ ಪುಡಿ ಏನ್ ಮಾಡ್ದೆ ಕಣೋ?” ಎಂದರೆ, “ಅದೇ ಪುಡಿ ದೊಡ್ಡಮ್ಮ, ನೀರು ಮಾತ್ರ ನಮ್ದು” ಎನ್ನುತ್ತಿದ್ದೆ. ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು. ಕಾಫಿಯ ಹದವಾದ ಹುಳಿಯನ್ನು ನೀರಿನ ಬೈಕಾರ್ಬೊನೇಟ್ ನುಂಗಿಹಾಕುವುದರಿಂದ ಡಿಕಾಕ್ಷನ್ ಸಪ್ಪೆಯಾಗಿ, ಸೀಮೆಸುಣ್ಣದ ರುಚಿ ಹಿಡಿಯುತ್ತದೆ. ಫಿಲ್ಟರಿನ ತೂತುಗಳಲ್ಲೂ ಸುಣ್ಣ ಕಟ್ಟಿ ಡಿಕಾಕ್ಷನ್ ಇಳಿಯುವುದು ನಿಧಾನವಾಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಅರ್ಧ ತೂತುಗಳು ಮುಚ್ಚಿರುವುದು ಕಾಣುತ್ತದೆ. ಕಾಫಿಗೆ ಹೊಳೆ ನೀರನ್ನೋ, ಕುದಿಸಿ ತಿಳಿ ತೆಗೆದ ನೀರನ್ನೋ ಬಳಸಿ. ಚಹಾದ ಮೇಲೆ ತೇಲುವ ಕಂದು ಕೆನೆಯೂ ಅದರಿಂದಲೇ ಹೋಗುತ್ತದೆ.

ಕುಕ್ಕರಿನ ವಿಷಲ್ ಕೂರುವ ಕೊಳವೆಯನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ಅದರಲ್ಲಿ ಸುಣ್ಣ ಕಟ್ಟುವುದು ಅಪಾಯ.

ಬಚ್ಚಲು ಮತ್ತು ಬಟ್ಟೆ

ಬಟ್ಟೆಗೆ ಡಿಟರ್ಜೆಂಟ್ ಹೆಚ್ಚು ಸುರಿಯುವ ಬದಲು ಒಗೆಯುವ ಸೋಡಾ ಬಳಸಿ. ಅದು ಎರಡೂ ಬಗೆಯ ಗಡಸುತನವನ್ನು ತಳಕ್ಕೆ ಇಳಿಸುತ್ತದೆ. 400ರ ಗಡಸುತನದ 20 ಲೀಟರ್ ನೀರಿಗೆ ಸುಮಾರು 8ರಿಂದ 9 ಗ್ರಾಂ, ಅಂದರೆ ಪುಡಿಯಾದರೆ ಎರಡು ಚಿಕ್ಕ ಚಮಚ ಸಾಕು. ಹರಳು ಸೋಡಾ ಆದರೆ ಅದರ ತೂಕದಲ್ಲಿ ಹೆಚ್ಚಿನ ಪಾಲು ನೀರೇ ಆಗಿರುವುದರಿಂದ ಎರಡೂವರೆ ಪಟ್ಟಿಗಿಂತ ಹೆಚ್ಚು ಬೇಕು. ಸೋಡಾ ಹಾಕಿ ಕಲಕಿ ಕಾಲು ಗಂಟೆ ಬಿಟ್ಟು, ತಿಳಿಯನ್ನು ಬಗ್ಗಿಸಿಕೊಂಡು ಬಟ್ಟೆ ನೆನೆಹಾಕಿ. ರೇಷ್ಮೆಗೂ ಉಣ್ಣೆಗೂ ಸೋಡಾ ಸೋಕಿಸಬೇಡಿ, ಅಲ್ಯೂಮಿನಿಯಂ ಪಾತ್ರೆಗೂ ಬೇಡ.

ಸ್ನಾನಕ್ಕೆ ಬೋರ್ ನೀರೇ ಇರಲಿ, ಕೊನೆಯ ಎರಡು ತಂಬಿಗೆ ಮಾತ್ರ ಹೊಳೆ ನೀರು ಸುರಿದುಕೊಳ್ಳಿ. ತಲೆಗೆ ಸೋಪು ಹಾಕುವ ಅಭ್ಯಾಸವಿದ್ದರೆ ಬಿಡಿ. ಸೀಗೆಪುಡಿ, ಅಂಟುವಾಳಗಳು ಸುಣ್ಣದೊಂದಿಗೆ ಸೋಪಿನಂತೆ ಗಸಿ ಕಟ್ಟುವುದಿಲ್ಲ. ಹಸುಳೆಗಳ ಚರ್ಮ ಒಡೆಯುತ್ತಿದ್ದರೆ ಅವರ ಸ್ನಾನಕ್ಕೆ ಪೂರ್ತಿ ಮೆದು ನೀರನ್ನೇ ಬಳಸುವುದು ಒಳ್ಳೆಯದು.

ಗೀಸರಿನ ಉಷ್ಣತೆಯನ್ನು 50 ಡಿಗ್ರಿಗೆ ಇಳಿಸಿ. ನೀರು 60 ಡಿಗ್ರಿ ದಾಟಿದಂತೆ ಸುಣ್ಣ ಕಟ್ಟುವುದು ಜೋರಾಗುತ್ತದೆ, ಅಷ್ಟು ಬಿಸಿ ಮಾಡಿ ತಣ್ಣೀರು ಬೆರೆಸುವುದರಲ್ಲಿ ಅರ್ಥವೂ ಇಲ್ಲ. ವರ್ಷಕ್ಕೊಮ್ಮೆ ಕಾಯಿಲ್ ತೆಗೆಸಿ ತೊಳೆಸಿ. ಅದರ ಪಕ್ಕದಲ್ಲಿರುವ, ಗೀಸರಿಗೆ ತುಕ್ಕು ಹಿಡಿಯದಂತೆ ತಡೆಯುವ ಮೆಗ್ನೀಸಿಯಂ ಕಂಬಿ ಸವೆದಿದ್ದರೆ ಆಗಲೇ ಬದಲಾಯಿಸಿ. ಸೋಲಾರ್ ಇರುವವರು ಟ್ಯಾಂಕಿನ ತಳದ ನೀರನ್ನು ವರ್ಷಕ್ಕೊಮ್ಮೆ ಪೂರ್ತಿ ಬಸಿಯಬೇಕು. ಅಡುಗೆಮನೆ ಬಿಟ್ಟರೆ ಮೆದು ನೀರು ಕೊಡಲು ಸಾಧ್ಯವಾಗುವುದು ಇನ್ನೊಂದೇ ಕಡೆಗೆ ಎಂದಾದರೆ, ಅದು ಸೋಲಾರಿಗೆ ಹೋಗಲಿ.

ಕಟ್ಟಿರುವ ಸುಣ್ಣ ಬಿಡಿಸುವುದು

ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಗುವ ಸಿಟ್ರಿಕ್ ಆಮ್ಲ ಇದಕ್ಕೆ ಸಾಕು. ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ. ಕಾಫಿ ಫಿಲ್ಟರ್, ಸ್ಟೀಲ್ ಪಾತ್ರೆ, ಕಾಯಿಲ್ ಇವುಗಳನ್ನು ಒಂದು ಗಂಟೆ ಮುಳುಗಿಸಿಡಿ. ಗುಳ್ಳೆ ಏಳುವುದು ನಿಂತರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೇ ಆಮ್ಲ ಮುಗಿದಿದೆ. ಶವರ್ ಬಿಚ್ಚಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಇದೇ ದ್ರಾವಣ ತುಂಬಿ ಅದಕ್ಕೆ ಕಟ್ಟಿ. ಹೊಳಪಿನ ನಲ್ಲಿಗಳ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಬಿಡಬೇಡಿ. ತಾಮ್ರದ ಹಂಡೆಗೆ ಎಂದಿನಂತೆ ಹುಣಸೆಹಣ್ಣು. ಅಮೃತಶಿಲೆಯೂ ರೆಡ್ ಆಕ್ಸೈಡ್ ನೆಲವೂ ಯಾವ ಹುಳಿಯನ್ನೂ ತಾಳುವುದಿಲ್ಲ.

ಶೌಚಾಲಯಕ್ಕೆಂದು ಮಾರುವ ಆ್ಯಸಿಡನ್ನು ನಲ್ಲಿಗೆ, ಗೀಸರಿಗೆ ಹಾಕುವವರಿದ್ದಾರೆ. ಸುಣ್ಣದ ಜೊತೆ ಲೋಹವೂ ಹೋಗುತ್ತದೆ. ಅದನ್ನು ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಇಷ್ಟಾದ ಮೇಲೆ ಯಂತ್ರದ ಮಾತು

ಮನೆ ಬಾಗಿಲಿಗೆ ಬರುವ ಮಾರಾಟಗಾರರು ಎರಡು ಲೋಟದಲ್ಲಿ ಎರಡು ನೀರಿಟ್ಟು, ಕರೆಂಟಿನ ಕಡ್ಡಿಗಳನ್ನು ಅದ್ದಿ ತೋರಿಸುತ್ತಾರೆ. ನಿಮ್ಮ ನೀರು ಕ್ಷಣದಲ್ಲಿ ಕೆಂಪು ಕೆಸರಾಗುತ್ತದೆ, ಅವರ ಯಂತ್ರದ ನೀರು ಹಾಗೆಯೇ ಇರುತ್ತದೆ. ಆ ಕೆಸರು ನಿಮ್ಮ ನೀರಿನದಲ್ಲ. ಅವರ ಕಡ್ಡಿಯ ಕಬ್ಬಿಣ ಕರಗಿ ಬಂದ ತುಕ್ಕು. ಖನಿಜವಿರುವ ನೀರು ವಿದ್ಯುತ್ತನ್ನು ಹರಿಯಬಿಡುತ್ತದೆ, ಖನಿಜವಿಲ್ಲದ ನೀರು ಬಿಡುವುದಿಲ್ಲ. ಅಷ್ಟೇ. ಅವರ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕಡ್ಡಿ ಅದ್ದಲು ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ನಿಜವಾಗಿ ಕೆಲಸ ಮಾಡುವ ಯಂತ್ರಗಳು ಎರಡು ಬಗೆ. ರೆಸಿನ್ ಎಂಬ ಸಣ್ಣ ಮಣಿಗಳನ್ನು ತುಂಬಿದ ಸಾಫ್ಟನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ, ಆಗಾಗ ಅದಕ್ಕೆ ಉಪ್ಪುನೀರು ಕುಡಿಸಬೇಕು. 100 ಮಿಲಿಗ್ರಾಂ ಗಡಸುತನ ತೆಗೆದರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 400ರ ನೀರು ಮೆದುವಾಗುವಾಗ ಲೀಟರಿಗೆ 184 ಮಿಲಿಗ್ರಾಂ. ಆದ್ದರಿಂದ ಈ ನೀರು ಸ್ನಾನಕ್ಕೆ, ಬಟ್ಟೆಗೆ, ಗೀಸರಿಗೆ ಸರಿ. ರಕ್ತದೊತ್ತಡ ಇರುವವರು ಕುಡಿಯಲು ಬಳಸಬಾರದು, ಗಿಡಗಳಿಗೂ ಹಾಕಬಾರದು. ಹೊಳೆ ನೀರು ಬಾರದ, ಗಡಸುತನ 400 ದಾಟಿದ, ಗೀಸರನ್ನೋ ವಾಷಿಂಗ್ ಮಷೀನನ್ನೋ ಪದೇಪದೇ ಬದಲಾಯಿಸುತ್ತಿರುವ ಮನೆಗೆ ಇದು ತಕ್ಕ ಖರ್ಚು.

ಆರ್‌ಒ ಯಂತ್ರ ನೀರನ್ನು ಅತಿ ಸಣ್ಣ ರಂಧ್ರಗಳ ಪೊರೆಯ ಮೂಲಕ ಒತ್ತಿ ಹಾಯಿಸಿ ಗಡಸುತನವನ್ನೂ ಫ್ಲೋರೈಡನ್ನೂ ತೆಗೆಯುತ್ತದೆ. ಆದರೆ ಒಂದು ಲೀಟರ್ ಒಳ್ಳೆಯ ನೀರಿಗೆ ಅಷ್ಟೇ ಅಥವಾ ಅದರ ಎರಡು ಮೂರು ಪಟ್ಟು ನೀರನ್ನು ಹೊರಚೆಲ್ಲುತ್ತದೆ. ಟಿಡಿಎಸ್ 500ರ ಒಳಗಿರುವ ಕಡೆ ಇದರ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಹೊಳೆ ನೀರು ಬರುವ ಮನೆಗೆ ಆರ್‌ಒ ಬೇಕಿಲ್ಲ. ಬೇಕಾದವರು ಹೊರಬೀಳುವ ನೀರನ್ನು ಬಕೀಟಿನಲ್ಲಿ ಹಿಡಿದು ಶೌಚಾಲಯಕ್ಕೆ ಬಳಸಲಿ. ಪೈಪಿಗೆ ಆಯಸ್ಕಾಂತ ಕಟ್ಟುವ ಸಾಧನಗಳಿಗೆ ನಾನು ಹಣ ಹಾಕಲಾರೆ.

ಮಳೆ ಬರುವ ಮೊದಲು

ಹೊಳೆ ನೀರು ಕಾಣದ ಮನೆಗೂ ವರ್ಷಕ್ಕೊಮ್ಮೆ ಮೆದು ನೀರು ಚಾವಣಿಯ ಮೇಲೆಯೇ ಬಂದು ಬೀಳುತ್ತದೆ. 50 ಚದರ ಮೀಟರ್ ಚಾವಣಿ, ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಬಿಗಿಯಾಗಿ ಹಿಡಿದು, ಐದರಲ್ಲಿ ಒಂದು ಪಾಲು ಸೋರಿ ಹೋಯಿತೆಂದುಕೊಂಡರೂ 28,000 ಲೀಟರ್ ಸಿಗುತ್ತದೆ. ನಾಲ್ಕು ಜನರ ಅಡುಗೆಗೂ ಕುಡಿಯಲಿಕ್ಕೂ ದಿನಕ್ಕೆ 40 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 14,600 ಲೀಟರ್. ಮಳೆಯಿಲ್ಲದ ಐದು ತಿಂಗಳಿಗೆಂದು ಕೂಡಿಡಬೇಕಾದದ್ದು 6,000 ಲೀಟರ್. ಅಷ್ಟು ಹಿಡಿಸುವ ಸಂಪು ಸಾಕು.

ಭರಣಿ, ಕೃತ್ತಿಕೆಯ ಮೊದಲ ಹದಮಳೆಗೆ ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ, ಎಲೆಗಳು ತೊಳೆದು ಹೋಗಲಿ. ಆಮೇಲೂ ಪ್ರತಿ ಮಳೆಯ ಮೊದಲ 2 ಮಿಲಿಮೀಟರ್ ನೀರನ್ನು, ಅಂದರೆ ಈ ಚಾವಣಿಯಿಂದ 100 ಲೀಟರನ್ನು, ಬೇರೆ ಪೈಪಿನಲ್ಲಿ ಹೊರಗೆ ಬಿಡಿ. ಸಂಪಿನ ಬಾಯಿಗೆ ಬೆಳಕೂ ಸೊಳ್ಳೆಯೂ ಹೋಗದಂತೆ ಜಾಲರಿ ಮತ್ತು ಮುಚ್ಚಳ ಇರಬೇಕು. ಕುಡಿಯುವ ಮೊದಲು ಸೋಸಿ ಕುದಿಸಬೇಕು. ಸಂಪು ತುಂಬಿ ಹರಿಯುವ ನೀರನ್ನು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸಿದರೆ ಬೋರಿನ ಗಡಸುತನವೂ ತುಸು ಇಳಿಯುತ್ತದೆ.

ಬೋರಿನ ನೀರು ವರ್ಷವಿಡೀ ಒಂದೇ ಹದದಲ್ಲಿ ಇರುವುದಿಲ್ಲವಾದ್ದರಿಂದ ಬಾಟಲಿ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ, ಏಪ್ರಿಲಿನಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಮಾಡಿ. ನಾವು ಹನಿಗಳ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತೇವೆ. ಏಪ್ರಿಲಿನ ಹಾಳೆಯಲ್ಲಿ 55 ಎಂದಿದೆ, ಅಕ್ಟೋಬರಿನದರಲ್ಲಿ 44.